ಎರಡು ಮಾರು ದಾರ

ಕುವೈತಿನ ಹವಲ್ಲಿಯ ನಮ್ಮ ಕಟ್ಟಡದಲ್ಲಿ ಎರಡನೆಯ ಮಹಡಿಯ ಅಡುಗೆಮನೆಯ ಹೊಗೆ ಮೂರನೆಯ ಮಹಡಿಯ ಕೋಣೆಗೆ ಹೋಗುತ್ತದೆ. ಗಾಳಿಗೆಂದು ಬಿಟ್ಟ ಕಿಂಡಿ ಹಾಗಿದೆ. ಎರಡನೆಯ ಮಹಡಿಯಲ್ಲಿ ನಾವು ಮೂವರು: ನಾನು, ಹೆಂಡತಿ, ಮಗಳು. ಉಡುಪಿ ಕಡೆಯ ಮೀನುಗಾರರ ಮನೆತನ. ಮೂರನೆಯದರಲ್ಲಿ ಬಾಗಲಕೋಟೆ ಕಡೆಯ ಒಬ್ಬ ಎಂಜಿನಿಯರ್, ಮೀನು ಮಾಂಸ ಮುಟ್ಟದ ಮನೆಯವರು. ಎರಡು ವರ್ಷ ನಮ್ಮಿಬ್ಬರ ನಡುವೆ ನಡೆದ ಮಾತೆಲ್ಲ ಆ ಕಿಂಡಿಯ ಬಗ್ಗೆಯೇ.

ಮೊದಲ ಸಲ ಅವರು ಮೆಟ್ಟಿಲ ಮೇಲೆ ನನ್ನ ಹೆಂಡತಿಯನ್ನು ತಡೆದು ಹೇಳಿದ್ದು ಇದು: "ಮುಂಜಾನೆ ಪೂಜಾಕ್ಕ ಕುಂತ್ರ ನಿಮ್ಮ ಬಂಗಡಿ ವಾಸನಿ ಬರತೈತ್ರೀ ಅಕ್ಕಾರ. ನಮ್ಮ ದೇವ್ರಿಗೇನ ನೆಗಡಿ ಆಗಿಲ್ಲ."

"ಹಾಗಾದ್ರೆ ಕಿಟಕಿ ಹಾಕಿ ಪೂಜೆ ಮಾಡಿ ಸರ್," ಎಂದಳು ಅವಳು.

ಮರುದಿನ ಕಟ್ಟಡದ ಕಾವಲುಗಾರ ಬಂದು ಬಾಗಿಲು ತಟ್ಟಿದ. ಅದಾದ ಮೇಲೂ ಎರಡು ಸಲ ಬಂದ. ಮೂರನೆಯ ಸಲ ಬಂದಾಗ ಅವನ ಕೈಯಲ್ಲಿ ಮಾಲೀಕರ ಹೆಸರಿನ ಒಂದು ಎಚ್ಚರಿಕೆ ಚೀಟಿ ಇತ್ತು. ಅಂದಿನಿಂದ ನಮ್ಮ ಮನೆಯಲ್ಲಿ ಮೀನು ಹುರಿಯುವಾಗ ಕಿಂಡಿಗೆ ಹಳೆಯ ಟವೆಲ್ ತುರುಕುತ್ತಿದ್ದೆವು. ಎಂಜಿನಿಯರ್ ಎದುರು ಸಿಕ್ಕರೆ ನಾನು ಮೊಬೈಲ್ ನೋಡುತ್ತಿದ್ದೆ. ಅವರೂ ಹಾಗೆಯೇ.

ಇದೇ ಮನುಷ್ಯ ಮೀನು ಹಿಡಿಯುತ್ತಾರೆ ಎಂದು ನನಗೆ ತಿಳಿದದ್ದು ಲಿಫ್ಟಿನಲ್ಲಿ. ಒಂದು ಶುಕ್ರವಾರ ಮಧ್ಯಾಹ್ನ ಎದೆಯವರೆಗಿನ ರಬ್ಬರ್ ಉಡುಪು ತೊಟ್ಟು, ಉದ್ದನೆಯ ಚೀಲ ಹಿಡಿದು ನಿಂತಿದ್ದರು. ಕಾಲಬಳಿ ನೀರು ಸೋರುತ್ತಿತ್ತು. ನನ್ನದು ಮೀನುಗಾರರ ಮೂಗು; ವಾಸನೆ ಸಮುದ್ರದ್ದೇ. ನಾನು ಚೀಲ ನೋಡಿದೆ. ಅವರು ಲಿಫ್ಟಿನ ಗುಂಡಿಗಳನ್ನು ನೋಡಿದರು. ಎರಡನೆಯ ಮಹಡಿಯಲ್ಲಿ ನಾನು ಇಳಿಯುವಾಗ, "ನಾವು ತಿನ್ನೂದಿಲ್ರಿ. ಹಿಡದು ಬಿಡ್ತೀವಿ," ಎಂದರು.

ತಿನ್ನದವನು ಹಿಡಿಯುವುದೇಕೆ ಎಂದು ನಾನು ಮನೆಯಲ್ಲಿ ಕೇಳಿದೆ. ಹೆಂಡತಿ ಕಿಂಡಿಯ ಟವೆಲ್ ತೆಗೆದು ತೊಳೆಯಲು ಹಾಕಿದಳು.

ಡಿಸೆಂಬರಿನಲ್ಲಿ ನಾನು ಕೆಲಸ ಮಾಡುತ್ತಿದ್ದ ಇಂಗ್ಲಿಷ್ ಪತ್ರಿಕೆ ಮುದ್ರಣ ನಿಲ್ಲಿಸುವುದಾಗಿ ಹೇಳಿತು. ನಾನು ಅಲ್ಲಿ ಹತ್ತೊಂಬತ್ತು ವರ್ಷ ಸುದ್ದಿ ತಿದ್ದಿದ್ದೆ. ನನ್ನ ಇಕಾಮಾ, ಅಂದರೆ ಈ ದೇಶದಲ್ಲಿ ಇರಲು ಕೊಟ್ಟ ಪರವಾನಗಿ, ಆ ಪತ್ರಿಕೆಯ ಹೆಸರಿನಲ್ಲಿತ್ತು. ಹೆಂಡತಿ ಮತ್ತು ಮಗಳದ್ದು ನನ್ನ ಹೆಸರಿನಲ್ಲಿ. ಮೂರೂ ಮಾರ್ಚ್ ಆರಂಭದಲ್ಲಿ ಮುಗಿಯುತ್ತಿದ್ದವು. ಮಗಳ ಹನ್ನೆರಡನೆಯ ತರಗತಿಯ ಬೋರ್ಡ್ ಪರೀಕ್ಷೆಯ ಕೊನೆಯ ಪತ್ರಿಕೆ ಏಪ್ರಿಲ್ ಮೊದಲ ವಾರದಲ್ಲಿತ್ತು. ನಡುವಿನ ಒಂದು ತಿಂಗಳು ಯಾವುದಾದರೂ ಕಂಪನಿಯ ಕಾಗದದ ಮೇಲೆ ನನ್ನ ಹೆಸರು ಇರಬೇಕಿತ್ತು. ಇರದಿದ್ದರೆ ಅವಳು ಪರೀಕ್ಷೆ ಬರೆಯದೆ ವಿಮಾನ ಹತ್ತಬೇಕಿತ್ತು. ಬೇಕಾದದ್ದು ಇಷ್ಟೇ. ನಾನು ಹದಿನಾಲ್ಕು ಕಡೆ ಅರ್ಜಿ ಹಾಕಿದೆ. ಹದಿನಾಲ್ಕು ಕಡೆಯಿಂದಲೂ ಉತ್ತರ ಬರಲಿಲ್ಲ.

ಹದಿನೈದನೆಯದು ಎಂಜಿನಿಯರರ ಕಂಪನಿ. ನಕ್ಷೆ, ಪತ್ರಗಳನ್ನು ದಾಖಲಿಸಿ, ಪರಿಶೀಲಿಸಿ, ಮೊಹರು ಹಾಕಿ ಇಡುವ ಗುಮಾಸ್ತನ ಜಾಗ ಖಾಲಿ ಇತ್ತು. ಅವರ ವಿಭಾಗದ್ದೇ. ಮೂರನೆಯ ಮಹಡಿಗೆ ಹತ್ತಿ ಬಾಗಿಲು ತಟ್ಟಿದೆ. ಅವರು ನನ್ನನ್ನು ಒಳಗೆ ಕರೆಯಲಿಲ್ಲ. ಹೊಸ್ತಿಲಲ್ಲೇ ನಿಂತು ನನ್ನ ಕಾಗದಗಳನ್ನು ಒಂದೊಂದಾಗಿ ಓದಿ ತಮ್ಮ ಕೈಯಲ್ಲೇ ಇಟ್ಟುಕೊಂಡರು.

"ಪೇಪರ್ ಸಾಹೇಬ್ರ, ನೀವು ಮೀನುಗಾರ ಮಂದಿ ಅಲ್ಲೇನ್ರಿ?"

"ಹೌದು ಸರ್."

"ಶುಕ್ರವಾರ ನನ್ನ ಜೋಡಿ ಬರ್ರಿ. ಒಬ್ಬ ಸಾಕ್ಷಿ ಬೇಕಾಗ್ಯಾನ. ಪೇಪರಿನವ್ರು ಅಂದ್ರ ನಮ್ಮ ಸಾಹೇಬ್ರು ಮರು ಮಾತಾಡೂದಿಲ್ಲ."

ಸಾಹೇಬರು ಎಂದರೆ ಅವರ ಮ್ಯಾನೇಜರ್, ಸ್ಕಾಟ್ಲೆಂಡಿನವರು. ತಮ್ಮ ಊರಿನ ಹೊಳೆಗಳಲ್ಲಿ ಫ್ಲೈ ಎಂಬ ಗಾಳದಿಂದ ಟ್ರೌಟ್ ಮೀನು ಹಿಡಿದು ಬೆಳೆದವರು. ಕುವೈತಿಗೆ ಬಂದ ಮೇಲೆ ಟ್ರೌಟ್ ಇಲ್ಲದ್ದಕ್ಕೆ ಸಮುದ್ರದ ಮೀನಿಗೇ ಅದೇ ವಿಧಾನ ಹಚ್ಚಿ, ಆಫೀಸಿನವರಿಗೆಲ್ಲ ಕಲಿಸಿ, ಪ್ರತಿ ಚಳಿಗಾಲ ಒಂದು ಸಣ್ಣ ಸ್ಪರ್ಧೆ ಇಡುತ್ತಿದ್ದರು; ಹಿಡಿದದ್ದಕ್ಕೆ ಒಬ್ಬ ಸಾಕ್ಷಿ ಬೇಕು. ಎಂಜಿನಿಯರರಿಗೆ ತಮ್ಮ ಹಳೆಯ ಟ್ರೌಟ್ ಕೋಲನ್ನು ಕೊಟ್ಟಿದ್ದೂ ಅವರೇ. ಮೂರು ಚಳಿಗಾಲ ಎಂಜಿನಿಯರರಿಗೆ ಒಂದು ಮೀನೂ ಸಿಕ್ಕಿರಲಿಲ್ಲ. ಇದನ್ನು ನನಗೆ ಹೇಳಿದವರು ಅವರಲ್ಲ, ಅವರ ಹೆಂಡತಿ; ಬಾಗಿಲ ಹಿಂದಿನಿಂದ, ನಗುತ್ತ.

ಜನವರಿಯ ಆ ಶುಕ್ರವಾರ ಬೆಳಿಗ್ಗೆ ಕಾರಿನ ತಾಪಮಾಪಕ ಐದು ಡಿಗ್ರಿ ತೋರಿಸುತ್ತಿತ್ತು. ವಾಯವ್ಯದಿಂದ ಬೀಸುವ ಶಮಾಲ್ ಗಾಳಿ ಹಿಂದಿನ ಸಂಜೆಯಿಂದಲೇ ಎದ್ದಿತ್ತು. ನಗರದ ಬಳಿಯ ಕೊಲ್ಲಿಯಲ್ಲಿ ಗಾಳ ಹಾಕುವಂತಿಲ್ಲ. ಹಾಗಾಗಿ ದಕ್ಷಿಣಕ್ಕೆ, ಖೈರಾನ್ ಕಡೆಯ ಹಿನ್ನೀರಿಗೆ ಹೊರಟಿದ್ದೆವು. ರಸ್ತೆಯ ಎರಡೂ ಬದಿ ಚಳಿಗಾಲದ ಡೇರೆಗಳು. ಗಾಳಿಗೆ ಒಂದೆರಡು ಮಗುಚಿ ಬಿದ್ದಿದ್ದವು. ಕಾರಿನೊಳಗೆ ಹೀಟರ್ ಇತ್ತು.

ಅರ್ಧ ದಾರಿಯಲ್ಲಿ ಅವರು ಕಾರು ನಿಲ್ಲಿಸಿ ರೊಟ್ಟಿ, ಶೇಂಗಾ ಚಟ್ನಿಯ ಡಬ್ಬಿ ಬಿಚ್ಚಿದರು. ನಾನೂ ನನ್ನ ಪೊಟ್ಟಣ ತೆಗೆದೆ.

"ಏನೈತ್ರಿ ಅದರಾಗ?"

"ಬ್ರೆಡ್ಡು, ಮೊಟ್ಟೆ."

"ತತ್ತಿ? ಹಂಗಾರ ಹೊರಗ ನಿಂತು ತಿನ್ರಿ. ಗಾಡ್ಯಾಗ ವಾಸನಿ ಕುಂಡರತೈತಿ."

ನಾನು ಹೊರಗೆ ನಿಂತು ತಿಂದೆ. ಬ್ರೆಡ್ಡಿನ ಮೇಲೆ ಮರಳು ಬಂದು ಕೂರುತ್ತಿತ್ತು. ಗಾಜಿನ ಆಚೆ ಅವರು ರೊಟ್ಟಿ ಮುರಿಯುತ್ತಿದ್ದರು. ನನ್ನ ಕಡೆ ನೋಡಲಿಲ್ಲ. ನಾನು ತಿಂದು ಮುಗಿಸಿ ಕೈ ಒರೆಸಿಕೊಂಡು, ಅವರು ಬಾಗಿಲಿನ ಲಾಕ್ ತೆಗೆಯುವವರೆಗೆ ಕಾದೆ.

ಹಿನ್ನೀರಿನ ದಡದಲ್ಲಿ ಮುಚ್ಚಿದ ರಜಾಮನೆಗಳ ಸಾಲು. ಬೇಸಿಗೆಯಲ್ಲಿ ಜನ ತುಂಬುವ ಜಾಗ. ಆವತ್ತು ಇದ್ದದ್ದು ಒಬ್ಬ ವಾಚ್‌ಮನ್, ಬಾಂಗ್ಲಾದೇಶದವನು, ಐವತ್ತು ದಾಟಿದವನು. ಕಂಬಳಿ ಹೊದ್ದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು ನಮ್ಮನ್ನೇ ನೋಡುತ್ತಿದ್ದ. ನೀರು ಬೂದಿಬಣ್ಣಕ್ಕಿತ್ತು. ಗಾಳಿ ಎಡಬದಿಯಿಂದ ಹೊಡೆಯುತ್ತಿತ್ತು.

ಎಂಜಿನಿಯರ್ ಪೆಟ್ಟಿಗೆ ತೆರೆದು ತೋರಿಸಿದರು. ಫ್ಲೈ ಎಂದರೆ ಕೊಕ್ಕೆಯ ಮೇಲೆ ಗರಿ, ನೂಲು ಸುತ್ತಿ ಮಾಡಿದ ಹುಳದ ಸೋಗು. ಮೀನಿಗೆ ತಿನ್ನಲು ಅದರಲ್ಲಿ ಏನೂ ಇಲ್ಲ. ಇವರ ಪೆಟ್ಟಿಗೆಯಲ್ಲಿ ಮೂವತ್ತಕ್ಕೂ ಹೆಚ್ಚು ಇದ್ದವು. ನಮ್ಮ ಕಟ್ಟಡದ ಎಸಿ ಪೆಟ್ಟಿಗೆಗಳ ಮೇಲೆ ಬಿದ್ದ ಪಾರಿವಾಳದ ಗರಿ, ಹೆಂಡತಿಯ ಇಳಕಲ್ ಸೀರೆಯ ಸೆರಗಿನಿಂದ ಎಳೆದ ಕೆಂಪು ರೇಷ್ಮೆ. ಕೆಲಸ ಅಚ್ಚುಕಟ್ಟಾಗಿತ್ತು. ಅದನ್ನು ನಾನು ಹೇಳಲಿಲ್ಲ.

"ಸಾಹೇಬ್ರ ಊರಾಗ ಬರ್ಫಿನಂಥ ನೀರಾಗ ನಿಂತು ಟ್ರೌಟ್ ಹಿಡೀತಾರ. ಮೂರ ತಾಸು ನಿಂತ್ರ ಒಂದ ಸಿಕ್ಕೀತು."

"ಒಂದಕ್ಕೆ ಮೂರು ತಾಸಾ? ನಮ್ಮಲ್ಲಿ ಆದ್ರೆ ಅವನನ್ನು ಹೆಂಗಸರು ಮನೆ ಒಳಗೆ ಸೇರಿಸ್ಲಿಕ್ಕಿಲ್ಲ."

"ಅದಕ್ಕ ನೀವು ಹೊಟ್ಟಿಗೆ ಹಿಡೀತೀರಿ, ಅವ್ರು ಆಟಕ್ಕ ಹಿಡೀತಾರ."

"ಮೀನಿಗೆ ಎರಡೂ ಒಂದೇ ಅಲ್ವಾ ಸರ್?"

ಅವರು ಪೆಟ್ಟಿಗೆ ಮುಚ್ಚಿದರು. "ನೀವು ಸುಮ್ನ ನೋಡ್ರಿ. ನಿಮ್ಮ ಕೆಲಸ ನೋಡೂದು. ದಾರ ತುಳೀಬ್ಯಾಡ್ರಿ."

ಈ ವಿಧಾನದಲ್ಲಿ ಗಾಳಕ್ಕೆ ತೂಕವಿಲ್ಲ, ದಾರಕ್ಕೆ ತೂಕ. ದಪ್ಪ ದಾರವನ್ನು ತಲೆಯ ಮೇಲೆ ಹಿಂದಕ್ಕೂ ಮುಂದಕ್ಕೂ ಬೀಸಿ, ಚಾಟಿಯ ಹಾಗೆ ಬಿಡಿಸಿ ನೀರಿಗೆ ಹಾಸಬೇಕು. ಗಾಳಿ ಇಲ್ಲದ ದಿನ ಅದು ನೋಡಲು ಚೆನ್ನಾಗಿರಬಹುದು. ಆವತ್ತು ಶಮಾಲ್ ದಾರವನ್ನು ಗಾಳಿಯಲ್ಲೇ ಹಿಡಿದು ಅವರ ಮೈಮೇಲೆ ಎಸೆಯುತ್ತಿತ್ತು. ಒಂದು ಸಲ ಕೊಕ್ಕೆ ಅವರ ರಬ್ಬರ್ ಉಡುಪಿನ ಪಟ್ಟಿಗೆ ಸಿಕ್ಕಿಕೊಂಡಿತು. ಇನ್ನೊಂದು ಸಲ ನನ್ನ ಉಣ್ಣೆಯ ಟೊಪ್ಪಿಗೆ. ಟೊಪ್ಪಿ ನೀರಿಗೆ ಹೋಯಿತು. ಅವರು ಅದನ್ನು ಸುರುಳಿ ಸುತ್ತಿ ಎಳೆದು ತೆಗೆದು, ಗರಿ ಹಾಳಾಗಿಲ್ಲವೇ ಎಂದು ನೋಡಿ, ಟೊಪ್ಪಿಯನ್ನು ನನ್ನ ಕಡೆ ಎಸೆದರು.

"ದೂರ ನಿಂದ್ರಂದ್ರ ತಿಳಿಯೂದಿಲ್ಲೇನ್ರಿ?"

"ಸಾಕ್ಷಿ ಹತ್ತಿರ ಇರ್ಬೇಕಲ್ವಾ ಸರ್?"

"ಸಾಕ್ಷಿ ಬಾಯಿ ಮುಚ್ಕೊಂಡಿರಬೇಕ."

ಒದ್ದೆ ಟೊಪ್ಪಿಯನ್ನು ಜೇಬಿಗೆ ಹಾಕಿಕೊಂಡು ಬರಿದಲೆಯಲ್ಲಿ ನಿಂತೆ. ಕಿವಿಗಳಲ್ಲಿ ಮೊದಲು ನೋವಿತ್ತು, ಆಮೇಲೆ ಏನೂ ಇರಲಿಲ್ಲ. ನನ್ನ ಮಟ್ಟಿಗೆ ಅವರಿಗೆ ಮೀನು ಸಿಗಬೇಕಿತ್ತು. ಅವರ ಮೇಲಿನ ಪ್ರೀತಿಯಿಂದಲ್ಲ. ಸಿಗದಿದ್ದರೆ ನನ್ನ ಕಾಗದಗಳು ಅವರ ಮನೆಯಲ್ಲೇ ಉಳಿಯುತ್ತಿದ್ದವು. ಜೊತೆಗೆ, ನಿಜ ಹೇಳುವುದಾದರೆ, ಸಿಗಬಾರದು ಎಂದೂ ಅನಿಸುತ್ತಿತ್ತು. ಮೂರು ಚಳಿಗಾಲದ ಮೇಲೆ ನಾಲ್ಕನೆಯದೂ ಬರಿಗೈ.

ಎರಡು ಗಂಟೆ ಕಳೆದ ಮೇಲೆ ಮೀನು ಬಿತ್ತು.

ಹೇಗೆ ಬಿತ್ತೆಂದು ನಾನು ಸರಿಯಾಗಿ ನೋಡಿದ್ದೇನೆ. ದಾರ ನೀರಿನಲ್ಲಿ ಬಿಗಿಯಾಯಿತು, ಕೋಲು ಬಾಗಿತು, ಎಂಜಿನಿಯರ್ "ಬಂತು, ಬಂತು!" ಎಂದು ಕೂಗಿದರು. ಅವರು ಕೈಯಿಂದ ಎಳೆದ ದಾರ ಕಾಲಬಳಿ ರಾಶಿ ಬಿದ್ದಿತ್ತು. ಮೀನು ಹೊರಗೆ ಓಡಿದಾಗ ಆ ರಾಶಿ ಎದ್ದು ಅವರ ಮೊಣಕಾಲಿಗೆ ಸುತ್ತಿಕೊಂಡಿತು. ಬಿಡಿಸಿಕೊಳ್ಳಲು ಒಂದು ಹೆಜ್ಜೆ ಹಿಂದಿಟ್ಟು, ಪಾಚಿಯ ಕಲ್ಲಿನ ಮೇಲೆ ಜಾರಿ, ಒಂದು ಮಂಡಿಯ ಮೇಲೆ ಕುಸಿದರು. ಕೋಲಿನ ತುದಿ ನೀರಿಗೆ ತಾಗಿತು. ಮೀನು ತಿರುಗಿ ನಮ್ಮ ಕಡೆಗೇ ಬಂತು. ದಾರ ಸಡಿಲವಾಯಿತು.

ನಾನು ನೀರಿಗಿಳಿದು ದಾರ ಹಿಡಿದು ಎಳೆದೆ. ಮೊದಲು ಒಂದು ಮಾರು, ಆಮೇಲೆ ಇನ್ನೊಂದು. ಚಾಚಿದ ಎರಡು ಕೈಗಳ ಅಳತೆಗೆ ನಮ್ಮಲ್ಲಿ ಮಾರು ಎನ್ನುತ್ತಾರೆ. ದಾರ ಮತ್ತೆ ಬಿಗಿಯಾಯಿತು. ಅಷ್ಟರಲ್ಲಿ ಅವರು ಎದ್ದಿದ್ದರು. ನಾನು ಬಿಟ್ಟೆ.

ಯೋಚಿಸಿ ಮಾಡಿದ್ದಲ್ಲ. ನಮ್ಮ ಕಡಲ ದಂಡೆಯಲ್ಲಿ ಕೈರಂಪಣಿ ಬಲೆ ಎಳೆಯುವಾಗ ಹಗ್ಗಕ್ಕೆ ಯಾರೂ ಕೈ ಹಾಕಬಹುದು. ದಾರಿಯಲ್ಲಿ ಹೋಗುವವನೂ ಚಪ್ಪಲಿ ಬಿಟ್ಟು ಬಂದು ಹಾಕುತ್ತಾನೆ. ಹಾಕಿದವನಿಗೆ ಪಾಲು ಉಂಟು. ಬುಟ್ಟಿಗೆ ಬೀಳುವುದು ನಾಲ್ಕು ಬೂತಾಯಿ ಮೀನಾದರೂ ಸರಿ. ಎಳೆಯುವವರನ್ನು ನೋಡುತ್ತ ನಿಂತವನಿಗೆ ಸಿಗುವುದು ಬೈಗುಳ ಮಾತ್ರ. ಇಪ್ಪತ್ತು ವರ್ಷದಿಂದ ನಾನು ಬಲೆ ಎಳೆದಿಲ್ಲ. ಕೈಗೆ ಅದು ಗೊತ್ತಿರಲಿಲ್ಲ.

ಬಂದದ್ದು ಶೇಮ್, ಹಳದಿ ರೆಕ್ಕೆಯ ಚಪ್ಪಟೆ ಮೀನು, ನನ್ನ ಅಂಗೈಯಿಂದ ಮೊಣಕೈವರೆಗಿನಷ್ಟು ಉದ್ದ. ಇಲ್ಲಿ ಚಳಿಗಾಲದಲ್ಲಿ ಮಾರುಕಟ್ಟೆಯಲ್ಲಿ ಜನ ಕೇಳಿ ಕೊಳ್ಳುವ ಮೀನು. ಅದರ ತುಟಿಯ ಮೂಲೆಯಲ್ಲಿ ಇಳಕಲ್ ಸೀರೆಯ ಕೆಂಪು ನೂಲು ಕಾಣುತ್ತಿತ್ತು. ಎಂಜಿನಿಯರ್ ಅದನ್ನು ನೇರವಾಗಿ ಮುಟ್ಟಲಾರದೆ ಉಣ್ಣೆಯ ಕೈಗವಸು ಹಾಕಿಕೊಂಡು ಹಿಡಿದರು.

"ಸರ್, ಒಣ ಉಣ್ಣೆಯಲ್ಲಿ ಹಿಡೀಬೇಡಿ. ಮೈಯ ಲೋಳೆ ಹೋಗ್ತದೆ. ಬಿಡೋದಾದ್ರೆ ಕೈ ಒದ್ದೆ ಮಾಡಿ ಹಿಡೀಬೇಕು."

"ಫೋಟೋ ತಗೀರಿ. ಪಾಠ ಆಮ್ಯಾಲ ಹೇಳ್ರಿ."

ನಾನು ಹನ್ನೊಂದು ಫೋಟೋ ತೆಗೆದೆ. ಒಂದರಲ್ಲಿ ಅವರ ಕಣ್ಣು ಮುಚ್ಚಿತ್ತು, ಒಂದರಲ್ಲಿ ಕೊಕ್ಕೆ ಕಾಣುತ್ತಿರಲಿಲ್ಲ, ಒಂದರಲ್ಲಿ ಹಿಂದೆ ವಾಚ್‌ಮನ್ ಬಂದಿದ್ದ. ಅಷ್ಟೂ ಹೊತ್ತು ಮೀನು ಗಾಳಿಯಲ್ಲಿತ್ತು. ಆಮೇಲೆ ಅವರು ಬಗ್ಗಿ ಅದನ್ನು ನೀರಿಗೆ ಬಿಟ್ಟರು. ಮೀನು ಒಂದು ಗಜ ಹೋಯಿತು. ಮಗ್ಗುಲಿಗೆ ಬಿತ್ತು. ಬಿಳಿ ಹೊಟ್ಟೆ ಮೇಲಾಯಿತು.

"ಹೋತು ನೋಡ್ರಿ," ಎಂದರು.

"ಸತ್ತಿದೆ."

"ಈಸತೈತಿ."

"ಗಾಳಿ ತಳ್ಳುತ್ತಾ ಉಂಟು ಸರ್. ಈಜ್ತಾ ಇಲ್ಲ."

ವಾಚ್‌ಮನ್ ಕಂಬಳಿಯನ್ನು ಕುರ್ಚಿಯ ಮೇಲೆ ಬಿಟ್ಟು, ಪ್ಯಾಂಟು ಮಡಚಿ, ಮೊಣಕಾಲುದ್ದದ ನೀರಿಗಿಳಿದು ಮೀನನ್ನು ಎತ್ತಿಕೊಂಡು ಬಂದ. ನನ್ನನ್ನು ನೋಡಿ, "ಭಾಯಿ, ಖೀಂಚಾ ತೋ ಆಪ್ ನೇ. ಆಧಾ ಆಪ್ ಕಾ," ಎಂದ. ಎಳೆದವನು ನೀನು, ಅರ್ಧ ನಿನ್ನದು. ಅವನೂ ನದಿಯ ಬದಿಯವನಿರಬೇಕು. ಅವನ ಮನೆಯಲ್ಲಿ ಚಾಕು ಇತ್ತು, ಒಲೆ ಇತ್ತು, ಸೀಳಿ ಕೊಡುತ್ತೇನೆ ಎಂದ.

"ಗಾಡ್ಯಾಗ ಮೀನ ತರಬ್ಯಾಡ್ರಿ," ಎಂದರು ಎಂಜಿನಿಯರ್, ಕೋಲನ್ನು ತುಂಡುಗಳಾಗಿ ಬಿಚ್ಚುತ್ತ.

"ಇಲ್ಲ ಸರ್."

ವಾಚ್‌ಮನ್‌ಗೆ ಪೂರ್ತಿ ಇಟ್ಟುಕೋ ಎಂದೆ. ಅವನು ನನ್ನನ್ನೂ ಅವರನ್ನೂ ಒಮ್ಮೆ ನೋಡಿ, ಬಾಲದಲ್ಲಿ ಹಿಡಿದು ತೂಗಾಡಿಸುತ್ತ ಹೋದ.

ಕಾರಿನಲ್ಲಿ ಹೀಟರ್ ಹಾಕಿ, ಎಂಜಿನಿಯರ್ ಫೈಲಿನಿಂದ ಒಂದು ಹಾಳೆ ತೆಗೆದು, ತುಂಬಿ, ನನ್ನ ತೊಡೆಯ ಮೇಲೆ ಇಟ್ಟರು. ಸ್ಪರ್ಧೆಯ ನಮೂನೆ, ಇಂಗ್ಲಿಷಿನಲ್ಲಿ. ಮೀನು ಯಾವುದು, ಎಲ್ಲಿ, ಎಷ್ಟು ಹೊತ್ತಿಗೆ ಎಂಬುದನ್ನೆಲ್ಲ ಅವರೇ ತುಂಬಿದ್ದರು. ಕೆಳಗೆ ಸಾಕ್ಷಿಯ ಹೇಳಿಕೆ ಮೊದಲೇ ಅಚ್ಚಾಗಿತ್ತು. ಕೊಕ್ಕೆ ಬಿದ್ದಲ್ಲಿಂದ ದಡಕ್ಕೆ ಬರುವವರೆಗೆ ಕೋಲನ್ನಾಗಲಿ ದಾರವನ್ನಾಗಲಿ ಬೇರೆ ಯಾರೂ ಮುಟ್ಟಿಲ್ಲ. ಮೀನನ್ನು ಜೀವಂತವಾಗಿ ಬಿಡಲಾಗಿದೆ. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ.

ದಾರ ಮುಟ್ಟಬಾರದೆಂಬ ನಿಯಮ ಇದೆ ಎಂಬುದು ನನಗೆ ಗೊತ್ತಾದದ್ದು ಆಗಲೇ.

"ಸರ್, ನಾನು ಮುಟ್ಟಿದ್ದೇನೆ."

"ಗೊತ್ತೈತಿ." ಅವರು ಮುಂದಿನ ಗಾಜಿನ ಕಡೆಯೇ ನೋಡುತ್ತಿದ್ದರು. "ನಿಮ್ಮ ಕೈ ಯಾಕ ಬಂತ್ರಿ ನಡುವ? ನಾ ಕರದಿದ್ನೇನು?"

"ಮೀನು ಹೋಗ್ತಾ ಇತ್ತು."

"ಹೋಗ್ಲಿ! ಹೋಗಿದ್ರ ನನ್ನ ಮೀನ ಹೋಗ್ತಿತ್ತು. ಈಗ ಬಂದ್ರೂ ನಂದಲ್ಲ. ಮೂರ ವರ್ಷ ನಿಂತೀನ್ರಿ ಈ ನೀರಾಗ. ಎಲ್ಲಾರೂ ನಗ್ತಾರ. ನಾಕನೇದಕ್ಕ ಬಂದದ್ದಕ್ಕ ನೀವು ಕೈ ಹಚ್ಚಿ ಹೊಲಸ ಮಾಡಿದ್ರಿ."

"ನಿಯಮ ಮೊದಲೇ ಹೇಳ್ಬೇಕಿತ್ತು."

"ಮಂದೀ ದಾರಕ್ಕ ಕೈ ಹಾಕಬಾರದು ಅಂತ ಹೇಳಬೇಕೇನ್ರಿ? ಮಂದೀ ತಾಟಿಗೆ ಕೈ ಹಾಕಬ್ಯಾಡ್ರಿ ಅಂತ ಹೇಳ್ತಾರೇನು?"

ನಮ್ಮಲ್ಲಿ ಕೈ ಹಾಕದಿದ್ದರೆ ತಪ್ಪು ಎಂದು ಅವರಿಗೆ ವಿವರಿಸುವ ಮನಸ್ಸಿರಲಿಲ್ಲ. ಅವರೂ ಕೇಳುವವರಂತೆ ಕಾಣಲಿಲ್ಲ.

"ಇನ್ನೊಂದು ಶುಕ್ರವಾರ ಬರುವ," ಎಂದೆ. "ನಾನು ಮುಟ್ಟುದಿಲ್ಲ."

"ಇವತ್ತು ಕಡೀ ದಿನ. ನಾಳೆ ಮುಂಜಾನೆ ಫಾರ್ಮು ಕೊಡಬೇಕ." ಹೀಟರನ್ನು ಒಂದು ಅಂಕೆ ಹೆಚ್ಚಿಸಿದರು. "ನಿಮ್ಮ ಮಗಳ ಪರೀಕ್ಷಾ ಯಾವಾಗಂದ್ರಿ?"

ನಾನು ಹೇಳಿದೆ.

"ಹಂಗಾರ ಸಹಿ ಮಾಡ್ರಿ, ಪೇಪರ್ ಸಾಹೇಬ್ರ. ರವಿವಾರ ನಿಮ್ಮ ಕಾಗದ ನಾನ ಖುದ್ದ ಒಯ್ದು ಕೊಡ್ತೀನಿ. ಇಲ್ಲಾ ಅಂದ್ರ ಇಲ್ಲಾ. ನನಗೇನ ನಿಮ್ಮ ಮ್ಯಾಲ ದ್ವೇಷ ಇಲ್ಲ."

ದ್ವೇಷ ಇತ್ತು. ನನಗೂ ಇತ್ತು. ಹತ್ತೊಂಬತ್ತು ವರ್ಷ ನಾನು ಬೇರೆಯವರ ವರದಿಗಳಲ್ಲಿ, "ಇದನ್ನು ನೀನು ಕಣ್ಣಾರೆ ನೋಡಿದೆಯಾ?" ಎಂದು ಅಂಚಿನಲ್ಲಿ ಬರೆದು ವಾಪಸು ಕಳಿಸಿದವನು. ನನ್ನ ಹೆಸರನ್ನು ದೊಡ್ಡಕ್ಷರಗಳಲ್ಲಿ ಬರೆದು, ಕೆಳಗೆ ಸಹಿ ಮಾಡಿ, ದಿನಾಂಕ ಹಾಕಿದೆ. ವೃತ್ತಿ ಎಂಬಲ್ಲಿ ಪತ್ರಕರ್ತ ಎಂದು ಬರೆದೆ. ಅವರು ಹಾಳೆಯನ್ನು ಓದಿ, ಪ್ಲಾಸ್ಟಿಕ್ ಹೊದಿಕೆಯೊಳಗೆ ಹಾಕಿದರು.

ಮನೆಯಲ್ಲಿ ಹೆಂಡತಿ ನನ್ನ ಒದ್ದೆ ಷೂ ನೋಡಿದಳು. "ಸಿಕ್ಕಿತಾ?"

"ಒಂದು."

"ಎಲ್ಲಿ ಉಂಟು?"

"ವಾಚ್‌ಮನ್‌ಗೆ ಕೊಟ್ಟೆ."

"ಕೆಲಸ?"

"ಸಿಗ್ತದೆ."

ಮಗಳು ಪುಸ್ತಕದಿಂದ ತಲೆ ಎತ್ತದೆ, "ಸೀ, ಐ ಟೋಲ್ಡ್ ಯೂ, ಹಿ ಈಸ್ ನಾಟ್ ದಟ್ ಬ್ಯಾಡ್," ಎಂದಳು.

ಎಂಜಿನಿಯರ್ ಮಾತು ತಪ್ಪಲಿಲ್ಲ. ಭಾನುವಾರವೇ ಕಾಗದ ಕೊಟ್ಟರು. ಫೆಬ್ರವರಿ ಮುಗಿಯುವ ಮೊದಲೇ ನನ್ನ ಇಕಾಮಾ ಆ ಕಂಪನಿಗೆ ವರ್ಗವಾಯಿತು. ಮೊದಲ ಮೂರು ತಿಂಗಳು ಪರೀಕ್ಷಾರ್ಥ ನೇಮಕ. ನನಗೆ ಒಂದು ಮೇಜು, ಒಂದು ಮೊಹರು, ಬೀಗವಿರುವ ಒಂದು ಕಪಾಟು ಕೊಟ್ಟರು. ಬಂದ ಪ್ರತಿ ನಕ್ಷೆಯನ್ನೂ ಮೂಲದೊಂದಿಗೆ ಹೋಲಿಸಿ, ಸರಿಯಿದ್ದರೆ ಮೊಹರು ಒತ್ತಿ ಸಹಿ ಮಾಡುವುದು ಕೆಲಸ. ಕೆಲಸ ನನಗೆ ಒಗ್ಗಿತು.

ಸ್ಪರ್ಧೆಯಲ್ಲಿ ಅವರಿಗೆ ಮೊದಲ ಸ್ಥಾನ ಬಂದಿತ್ತು. ಬೇರೆ ಯಾರಿಗೂ ಆ ಚಳಿಗೆ ಏನೂ ಸಿಕ್ಕಿರಲಿಲ್ಲ. ಮ್ಯಾನೇಜರ್ ಸಹಿ ಮಾಡಿದ ಪ್ರಮಾಣಪತ್ರ, ನಾನು ತೆಗೆದ ಒಂಬತ್ತನೆಯ ಫೋಟೋ, ಕೆಳಗೆ ಸಾಕ್ಷಿಯಾಗಿ ನನ್ನ ಹೆಸರು: ಮೂರನ್ನೂ ಒಂದೇ ಚೌಕಟ್ಟಿನಲ್ಲಿ ಹಾಕಿಸಿ ಅವರ ಕುರ್ಚಿಯ ಹಿಂದೆ ತೂಗುಹಾಕಿದ್ದರು. ಯಾರಾದರೂ ಬಂದರೆ ಕಥೆ ಹೇಳುತ್ತಿದ್ದರು. ಹೇಳುವಾಗ ನನ್ನನ್ನು ಕರೆಸುತ್ತಿದ್ದರು.

"ಇವ್ರ ನೋಡ್ರಿ ಸಾಕ್ಷಿ. ಮೀನುಗಾರ ಮಂದಿ ಮತ್ತ. ನಾ ಒಬ್ಬನ ಜಗ್ಗೀನಿ, ಹೌದಲ್ರಿ?"

"ಹೌದು ಸರ್."

ಏಳು ಸಲ ಹೇಳಿದೆ. ಎಣಿಸಿದ್ದೇನೆ. ಒಂದು ಸಲ ಅವರ ಊರಿನ ಕಡೆಯ ಇಬ್ಬರು ತಂತ್ರಜ್ಞರ ಮುಂದೆ, ಒಂದು ಸಲ ರುಮೈಥಿಯಾದ ಒಬ್ಬ ಗುತ್ತಿಗೆದಾರನ ಮುಂದೆ, ಒಂದು ಸಲ ಚಹಾ ತಂದವನ ಮುಂದೆ. ನಾನು ಹೌದೆನ್ನುವಾಗ ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಹೇಳಿಸುವುದೇ ಅವರಿಗೆ ಬೇಕಿದ್ದದ್ದು ಎಂದು ನನಗೆ ಅನಿಸುತ್ತದೆ. ಆದರೆ ಇದು ಅನಿಸಿಕೆ, ಅವರೇ ಹೇಳಿದ್ದಲ್ಲ.

ಏಪ್ರಿಲ್ ಮೊದಲ ವಾರ ಮಗಳ ಕೊನೆಯ ಪತ್ರಿಕೆ. ಮಧ್ಯಾಹ್ನ ನನ್ನ ಮೊಬೈಲಿಗೆ ಅವಳ ಸಂದೇಶ ಬಂತು: "ಡನ್ ಪಪ್ಪಾ. ಖಲಾಸ್." ನಾನು ಅದನ್ನು ಎರಡು ಸಲ ಓದಿದೆ. ಅರ್ಧ ಗಂಟೆಯ ಮೇಲೆ ಎಂಜಿನಿಯರರ ಕೋಣೆಯಿಂದ ಕರೆ ಬಂತು.

ಒಳಗೆ ಇಬ್ಬರು ಅತಿಥಿಗಳಿದ್ದರು. ಜೊತೆಗೆ ಮ್ಯಾನೇಜರ್. ಈ ಕಥೆ ಹೇಳುವಾಗ ಅವರು ಅದುವರೆಗೆ ಇದ್ದಿರಲಿಲ್ಲ. ಎಂಜಿನಿಯರ್ ಇಂಗ್ಲಿಷಿನಲ್ಲಿ ಗಾಳಿ, ಚಳಿ, ಮೀನಿನ ಓಟ ಎಲ್ಲ ಹೇಳಿ ಮುಗಿಸಿದ್ದರು. ಮ್ಯಾನೇಜರ್ ನನ್ನ ಕಡೆ ತಿರುಗಿ, ಸುಮ್ಮನೆ ಮಾತಿಗೆಂಬಂತೆ, ಅಷ್ಟು ಗಾಳಿಯಲ್ಲಿ ಒಬ್ಬನೇ ಹೇಗೆ ತಂದ ಎಂದು ಕೇಳಿದರು.

"ಒಬ್ಬರೇ ತರಲಿಲ್ಲ," ಎಂದೆ. "ಅವರು ಬಿದ್ದರು. ದಾರ ಸಡಿಲವಾಯಿತು. ನಾನು ಹಿಡಿದು ಎಳೆದೆ."

ಎಂಜಿನಿಯರ್ ನಕ್ಕರು. "ಜರ್ನಲಿಸ್ಟ್, ಸರ್. ಆಲ್ವೇಸ್ ಜೋಕಿಂಗ್."

ನಾನು ಎರಡು ಕೈ ಚಾಚಿ ತೋರಿಸಿದೆ. "ಇಷ್ಟು. ಎರಡು ಸಲ. ಬಿಟ್ಟ ಮೀನು ಕೂಡ ಸತ್ತಿತ್ತು. ಅಲ್ಲಿನ ವಾಚ್‌ಮನ್ ತೆಗೆದುಕೊಂಡು ಹೋದ."

ಅತಿಥಿಗಳಲ್ಲಿ ಒಬ್ಬರು ಚಹಾದ ಲೋಟ ಕೆಳಗಿಟ್ಟರು. ಎಂಜಿನಿಯರರ ಮುಖದಿಂದ ನಗು ಹೋಗಿರಲಿಲ್ಲ. ಅದನ್ನು ತೆಗೆಯುವುದು ಅವರಿಗೆ ಮರೆತಿತ್ತು. ಆ ಮುಖ ನೋಡಿ ನನಗೆ ಸಂತೋಷವಾಯಿತು. ಸತ್ಯಕ್ಕಾಗಿ ಹೇಳಿದೆ ಎಂದು ನಾನು ಬರೆದರೆ ಅದೂ ತಪ್ಪು ವರದಿಯಾಗುತ್ತದೆ. ಮಗಳು ಪರೀಕ್ಷೆಯ ಕೋಣೆಯಿಂದ ಹೊರಗೆ ಬರುವವರೆಗೆ ಕಾದಿದ್ದೆ. ಇಷ್ಟ ಬಂದ ದಿನ ಹೊಡೆಯಲು ಈ ಮಾತನ್ನು ಕೈಯಲ್ಲಿ ಇಟ್ಟುಕೊಂಡಿದ್ದೆ.

ಮ್ಯಾನೇಜರ್ ಎದ್ದು ಗೋಡೆಯ ಚೌಕಟ್ಟಿನ ಹತ್ತಿರ ಹೋದರು. ಕನ್ನಡಕ ಏರಿಸಿ ಕೆಳಗಿನ ಸಾಲು ಓದಿದರು.

"ಇದು ನಿಮ್ಮ ಸಹಿಯೇ?"

"ಹೌದು."

"ಓದಿ ಮಾಡಿದ್ದೋ?"

"ಓದಿ ಮಾಡಿದ್ದು."

ಅವರು ಎಂಜಿನಿಯರರನ್ನು ನೋಡಲೇ ಇಲ್ಲ. ನನ್ನನ್ನು ನೋಡಿದರು. ಆಮೇಲೆ, ಧ್ವನಿ ಏರಿಸದೆ, ನಾನು ಫೆಬ್ರವರಿಯಿಂದ ಮೊಹರು ಹಾಕಿದ ಕಾಗದಗಳನ್ನೆಲ್ಲ ಮತ್ತೊಮ್ಮೆ ನೋಡಬೇಕಾಗುತ್ತದೆ ಎಂದರು. ಕಪಾಟಿನ ಬೀಗದ ಕೈ ಕೇಳಿದರು. ಜೇಬಿನಿಂದ ತೆಗೆದು ಕೊಟ್ಟೆ.

ಕಾಗದಗಳನ್ನು ನೋಡಲು ಇಬ್ಬರಿಗೆ ಎರಡು ವಾರ ಹಿಡಿಯಿತು. ಒಂದು ತಪ್ಪೂ ಸಿಗಲಿಲ್ಲ. ಹಾಗೆಂದು ಬರೆದೂ ಕೊಟ್ಟರು. ಮೂರು ತಿಂಗಳು ಮುಗಿದಾಗ ಕೆಲಸ ಖಾಯಂ ಆಗಲಿಲ್ಲ; ಕಾರಣ ಬರೆದಿರಲಿಲ್ಲ, ನಾನೂ ಕೇಳಲಿಲ್ಲ. ಎಂಜಿನಿಯರರಿಂದ ಪ್ರಮಾಣಪತ್ರ ವಾಪಸು ಹೋಯಿತು. ಅವರ ಕೆಲಸ ಹೋಗಲಿಲ್ಲ. ಒಂದು ಮೀನಿಗಾಗಿ ಎಂಜಿನಿಯರನ್ನು ಯಾರೂ ತೆಗೆಯುವುದಿಲ್ಲ.

ಊರಿಗೆ ಹೊರಡುವ ಹಿಂದಿನ ದಿನ ನಾನು ಪೆಟ್ಟಿಗೆಗಳನ್ನು ಲಿಫ್ಟಿಗೆ ಸಾಗಿಸುತ್ತಿದ್ದಾಗ ಅವರು ಮೆಟ್ಟಿಲಿಳಿದು ಬಂದರು. ದಾರಿ ಬಿಡಲು ಗೋಡೆಗೆ ಸರಿದೆ. ಅವರು ಹೋಗಲಿಲ್ಲ.

"ಸುಮ್ನ ಹೂಂ ಅಂದಿದ್ರ ಇಬ್ರೂ ಇರ್ತಿದ್ವಿ," ಎಂದರು.

"ನೀವು ಇದ್ದೀರಲ್ಲ ಸರ್."

"ನಗ್ತಾರ್ರೀ ಎಲ್ಲಾರೂ. ಮದಲಿನಕ್ಕಿಂತ ಹೆಚ್ಚ ನಗ್ತಾರ."

ನಾನು ಕೊನೆಯ ಪೆಟ್ಟಿಗೆಯನ್ನು ಒಳಗೆ ತಳ್ಳಿದೆ. ಅವರು ಇನ್ನೂ ಅಲ್ಲೇ ನಿಂತಿದ್ದರು. ನಾನು ಏನಾದರೂ ಹೇಳುತ್ತೇನೆಂದು ಕಾಯುತ್ತಿದ್ದರೇನೋ. ನಾನು ಲಿಫ್ಟಿನೊಳಗೆ ನಿಂತು ಕೆಳಗೆ ಹೋಗುವ ಗುಂಡಿ ಒತ್ತಿದೆ.